ಮಂಗಳವಾರ ಸಂಜೆ ಮೆಡಿಕಲ್ ಅಂಗಡಿಯಲ್ಲಿ ಸೆನೆದ್ ಟಿವಿ: ನೋಡಬಹುದಾ?

ಬ್ರಿಟನ್ನಿನ ಭಾಗವಾದ ವೇಲ್ಸ್‌ನ ವಿಧಾನಸಭೆಗೆ ಸೆನೆದ್ ಅಂತಾರೆ, ಅದರ ಕಲಾಪವನ್ನು ಇಂಟರ್ನೆಟ್‌ನಲ್ಲಿ ನೇರವಾಗಿ ತೋರಿಸುವುದೇ ಸೆನೆದ್ ಟಿವಿ. ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ದುಡ್ಡು ಕೇಳುವುದಿಲ್ಲ, ಲಾಗಿನ್ ಕೇಳುವುದಿಲ್ಲ, ನಡುವೆ ಜಾಹೀರಾತು ಬರುವುದಿಲ್ಲ. ಒಂದು ಸ್ಟಾರ್ ಯಾಕೆ ಕಿತ್ತುಕೊಂಡೆ ಅನ್ನೋದು ಆಮೇಲೆ.

ಹುಬ್ಬಳ್ಳಿಯಲ್ಲಿ ನನ್ನದೊಂದು ಸಣ್ಣ ಮೆಡಿಕಲ್ ಅಂಗಡಿ ಇದೆ. ವೇಲ್ಸ್ ದೇಶದ ವಿಧಾನಸಭೆಯ ನೇರಪ್ರಸಾರಕ್ಕೂ ನನಗೂ ಏನು ಸಂಬಂಧ ಅಂತೀರಾ? ಅಕ್ಕನ ಮಗಳು, ಅಂದರೆ ನನ್ನ ಸೋದರಸೊಸೆ, ಅಲ್ಲಿ ಉತ್ತರ ಭಾಗದಲ್ಲಿ ನರ್ಸ್. ಒಂದು ದಿನ ವಿಡಿಯೋ ಕಾಲ್‌ನಲ್ಲಿ ನಗುತ್ತಾ ಹೇಳಿದಳು, "ಮಾಮಾ, ನಿಮ್ಮ ಧಂದೆ ಇಲ್ಲೆ ನಡಿಯಂಗಿಲ್ಲ ನೋಡ್ರಿ. ಗುಳಿಗಿಗೆ ಯಾರೂ ರೊಕ್ಕಾ ಕೊಡಂಗಿಲ್ಲ." ಸುಮ್ನೆ ಕಾಡಿಸುತ್ತಿದ್ದಾಳೆ ಅಂದುಕೊಂಡೆ. ನಿಜವಂತೆ. ಡಾಕ್ಟರ್ ಚೀಟಿ ಇದ್ದರೆ ಔಷಧಿ ಪುಕ್ಕಟೆ, 2007ರ ಏಪ್ರಿಲ್‌ನಿಂದ. ಪಕ್ಕದ ಇಂಗ್ಲೆಂಡಿನಲ್ಲಿ ಬರೆದ ಒಂದೊಂದು ಔಷಧಿಗೂ 9.90 ಪೌಂಡ್, ಅಂದರೆ ನಮ್ಮ ಸಾವಿರ ರೂಪಾಯಿ ಮೇಲೆ. ಹಾಗಾದರೆ ಅಂಗಡಿಯವನಿಗೆ ಯಾರು ಕೊಡುತ್ತಾರೆ ಅಂದೆ. ಸರಕಾರ ಅಂದಳು. ಸರಕಾರಕ್ಕೆ ಎಲ್ಲಿಂದ ಬರುತ್ತದೆ ಅಂದೆ. "ಅದನ್ನ ಅವರು ಮಂಗಳವಾರ ಜಗಳಾಡ್ತಾರ, ನೀವs ನೋಡ್ಕೋರಿ" ಅಂತ ಲಿಂಕ್ ಕಳಿಸಿದಳು.

ಅವತ್ತಿನಿಂದ ಶುರು. 2025ರಲ್ಲಿ ಹೆಚ್ಚುಕಡಿಮೆ ವರ್ಷವಿಡೀ ನೋಡಿದೆ. ಅಲ್ಲಿ ಮಧ್ಯಾಹ್ನ ಒಂದೂವರೆಗೆ ಮುಖ್ಯಮಂತ್ರಿಗೆ ಪ್ರಶ್ನೆ ಕೇಳುವ ಕಲಾಪ. ನಮಗೆ ಬೇಸಿಗೆಯಲ್ಲಿ ಸಂಜೆ ಆರು, ಚಳಿಗಾಲದಲ್ಲಿ ಏಳು, ಯಾಕೆಂದರೆ ಅವರು ಗಡಿಯಾರವನ್ನೇ ಹಿಂದೆ ಮುಂದೆ ತಿರುಗಿಸುತ್ತಾರೆ. ಮೊದಲ ಸಲ ಇದು ಗೊತ್ತಿರದೆ ಒಂದು ತಾಸು ಖಾಲಿ ಪರದೆ ನೋಡುತ್ತಾ ಕೂತಿದ್ದೆ. ಎರಡು ಚಹಾ ಮುಗಿದವು.

ಸಭಾಂಗಣ ನೋಡಲು ಚೆಂದ. ಎಲ್ಲರೂ ಗುಂಡಗೆ ಕೂರುತ್ತಾರೆ, ಮೇಲೆ ಕಟ್ಟಿಗೆಯ ಚಾವಣಿ, ಪ್ರತಿಯೊಬ್ಬರ ಮುಂದೆ ಕಂಪ್ಯೂಟರ್. ನಾನು ನೋಡುವಾಗ ಇದ್ದದ್ದು 60 ಸದಸ್ಯರು, 2026ರ ಮೇ ಚುನಾವಣೆಯಿಂದ 96 ಅಂತ ಕಾನೂನು ಮಾಡಿಕೊಂಡಿದ್ದಾರೆ. ಇಡೀ ವೇಲ್ಸ್‌ನ ಜನಸಂಖ್ಯೆ ಸುಮಾರು 31 ಲಕ್ಷ. ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ! ಈ ಸಭೆಯೇ ಬೇಕಾ ಬೇಡವಾ ಅಂತ 1997ರಲ್ಲಿ ಜನರನ್ನು ಕೇಳಿದಾಗ 'ಬೇಕು' ಗೆದ್ದದ್ದು ಬರೀ 6,721 ಮತಗಳಿಂದ. ನಮ್ಮಲ್ಲಿ ಒಂದು ವಿಧಾನಸಭಾ ಕ್ಷೇತ್ರದಲ್ಲೂ ಇದಕ್ಕಿಂತ ದೊಡ್ಡ ಅಂತರ ಬರುತ್ತದೆ. 1999ರಲ್ಲಿ ಸಭೆ ಶುರುವಾಯಿತು. ಆಸ್ಪತ್ರೆ, ಶಾಲೆ ಎಲ್ಲ ಇವರ ಕೈಯಲ್ಲಿ. ರಕ್ಷಣೆ, ದೊಡ್ಡ ತೆರಿಗೆಗಳು ಲಂಡನ್ ಕೈಯಲ್ಲಿ.

ಈಗ ಅಸಲು ವಿಷಯ. ಮೊದಲು ಒಂದೆರಡು ಸಾಮಾನ್ಯ ಪ್ರಶ್ನೆ, ಆಮೇಲೆ ವಿರೋಧ ಪಕ್ಷದ ನಾಯಕರ ಸರದಿ. ಇವರು ಏನು ಕೇಳುತ್ತಾರೆ ಅಂತ ಮುಂಚೆ ಬರೆದು ಕೊಡಬೇಕಿಲ್ಲ. ನಮ್ಮ ಚುಕ್ಕೆ ಗುರುತಿನ ಪ್ರಶ್ನೆಯ ಹಾಗೆ ಅಧಿಕಾರಿಗಳು ಉತ್ತರ ತಯಾರು ಮಾಡಿ ಕೈಗೆ ಕೊಟ್ಟಿರುವುದಿಲ್ಲ. ಕನ್ಸರ್ವೇಟಿವ್ ಪಕ್ಷದ ಡ್ಯಾರನ್ ಮಿಲ್ಲರ್, ವೇಲ್ಸ್‌ನದೇ ಪ್ರಾದೇಶಿಕ ಪಕ್ಷವಾದ ಪ್ಲೈಡ್ ಕಮ್ರಿಯ ರಿನ್ ಆಪ್ ಯೋರ್ವೆರ್ತ್ ಎದ್ದು ನಿಲ್ಲುತ್ತಿದ್ದರು, ಮುಖ್ಯಮಂತ್ರಿ ಎಲಿನೆಡ್ ಮಾರ್ಗನ್ ಅಲ್ಲೇ ನಿಂತು ಉತ್ತರ ಕೊಡಬೇಕಿತ್ತು. ಹತ್ತರಲ್ಲಿ ಏಳು ಸಲ ಮಾತು ದವಾಖಾನೆಗೇ ಬಂದು ನಿಲ್ಲುತ್ತಿತ್ತು ಅಂತ ನನ್ನ ಅಂದಾಜು. ಬರದೇ ಏನು, ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ದುಡ್ಡು ಹೋಗುವುದೇ ಆರೋಗ್ಯ ಮತ್ತು ಆರೈಕೆಗೆ.

ಜಗಳ ನಡೆಯುವುದು ಆಸ್ಪತ್ರೆ ಚಿಕಿತ್ಸೆಗೆ ಕಾಯುವವರ ಪಟ್ಟಿಯ ಮೇಲೆ. 2025ರ ಶುರುವಿನಲ್ಲಿ ಆ ಸಂಖ್ಯೆ ಸುಮಾರು 8 ಲಕ್ಷಕ್ಕೆ ಹೋಗಿತ್ತು. 31 ಲಕ್ಷ ಜನರಲ್ಲಿ 8 ಲಕ್ಷ! ನಾನು ಬೆಚ್ಚಿಬಿದ್ದೆ. ಆಮೇಲೆ ಗೊತ್ತಾಯಿತು, ಅದು ಜನರ ಲೆಕ್ಕ ಅಲ್ಲವಂತೆ. ಒಬ್ಬರೇ ಮೊಣಕಾಲಿಗೂ ಕಣ್ಣಿಗೂ ಕಾಯುತ್ತಿದ್ದರೆ ಎರಡು ಅಂತ ಬರೆಯುತ್ತಾರೆ. ಸರಕಾರದವರು ಇದನ್ನೇ ಹಿಡಿದುಕೊಂಡು "ಅಷ್ಟು ಜನ ಇಲ್ಲ" ಅನ್ನುತ್ತಾರೆ, ವಿರೋಧ ಪಕ್ಷದವರು "ಎರಡು ವರ್ಷ ಮೀರಿ ಕಾದವರು ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ನಿಮ್ಮಲ್ಲಿ ಸಾವಿರಾರು ಜನ ಯಾಕೆ" ಅಂತ ಮತ್ತೆ ತಿರುಗುತ್ತಾರೆ, ಹೀಗೆ ಒಂದೇ ಕೋಷ್ಟಕ ಇಟ್ಟುಕೊಂಡು ಇಬ್ಬರೂ ಇಪ್ಪತ್ತು ನಿಮಿಷ ಎಳೆದಾಡುತ್ತಾರೆ. ನನ್ನಂಥ ಲೆಕ್ಕದ ಮನುಷ್ಯನಿಗೆ ಇದು ಕ್ರಿಕೆಟ್‌ಗಿಂತ ಮಜಾ.

ಸೊಸೆ ಇರುವ ಉತ್ತರ ಭಾಗದಲ್ಲಿ ಸರಕಾರಿ ಆಸ್ಪತ್ರೆಗಳನ್ನು ನಡೆಸುವ ಆರೋಗ್ಯ ಮಂಡಳಿಯ ಹೆಸರು ಬೆಟ್ಸಿ ಕಡ್ವಾಲಡರ್. ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡ ವೇಲ್ಸ್‌ನ ನರ್ಸ್ ಒಬ್ಬಳ ಹೆಸರು ಅದು. ಹೆಸರೇನೋ ಚೆನ್ನಾಗಿದೆ. ಆದರೆ ಮಂಡಳಿಯನ್ನು 2015ರಲ್ಲಿ ಸರಕಾರ ವಿಶೇಷ ನಿಗಾದಲ್ಲಿ ಇಟ್ಟಿತು, 2020ರಲ್ಲಿ ಬಿಟ್ಟಿತು, 2023ರ ಫೆಬ್ರುವರಿಯಲ್ಲಿ ಮತ್ತೆ ಹಿಡಿಯಿತು. ಎರಡನೇ ಸಲ ಹಿಡಿದಾಗ ಆರೋಗ್ಯ ಮಂತ್ರಿ ಇದೇ ಎಲಿನೆಡ್ ಮಾರ್ಗನ್. ಮುಂದೆ ಮುಖ್ಯಮಂತ್ರಿ ಆದ ಮೇಲೂ ಅದೇ ಮಂಡಳಿ ಬಗ್ಗೆ ಅವರೇ ಉತ್ತರ ಹೇಳಬೇಕಾಯಿತು. ಹಳೇ ಬಾಕಿ ಹೊಸ ಪುಸ್ತಕಕ್ಕೂ ಬಂತು, ಅಲ್ವಾ.

ದುಡ್ಡಿನ ಮಾತು ಬಂದರೆ ಮಾತ್ರ ನನಗೆ ನಮ್ಮೂರಲ್ಲೇ ಕೂತಂತೆ ಅನಿಸುತ್ತದೆ. ವೇಲ್ಸ್‌ಗೆ ಹೆಚ್ಚಿನ ಹಣ ಲಂಡನ್ನಿನಿಂದಲೇ ಬರುತ್ತದೆ. ಅದಕ್ಕೆ ಬಾರ್ನೆಟ್ ಸೂತ್ರ ಅಂತ ಒಂದಿದೆ. ಇಂಗ್ಲೆಂಡಿನ ಆಸ್ಪತ್ರೆಗೆ ಲಂಡನ್ ಸರಕಾರ ಹೆಚ್ಚಿಗೆ ಖರ್ಚು ಮಾಡಿದರೆ, ಜನಸಂಖ್ಯೆ ನೋಡಿ ವೇಲ್ಸ್‌ಗೂ ಒಂದು ಪಾಲು. ಆ ಪಾಲನ್ನು ಆಸ್ಪತ್ರೆಗೇ ಹಾಕಬೇಕು ಅಂತ ಕಟ್ಟುಪಾಡಿಲ್ಲ. ಅಲ್ಲೇ ವಿರೋಧ ಪಕ್ಷ ಹಿಡಿಯುವುದು: ಬಂದದ್ದೆಷ್ಟು, ದವಾಖಾನೆಗೆ ಹಾಕಿದ್ದೆಷ್ಟು? ಸರಕಾರ ಲಂಡನ್ ಕಡೆ ಬೆರಳು ತೋರಿಸುತ್ತದೆ. ಎಚ್‌ಎಸ್2 ಅನ್ನೋ ಹೈಸ್ಪೀಡ್ ರೈಲು ಪೂರ್ತಿ ಇಂಗ್ಲೆಂಡಿನೊಳಗೇ ಇದ್ದರೂ ಅದನ್ನು ಇಂಗ್ಲೆಂಡ್, ವೇಲ್ಸ್ ಎರಡಕ್ಕೂ ಸೇರಿದ ಯೋಜನೆ ಅಂತ ಬರೆದುಕೊಂಡಿದ್ದಾರೆ, ಹಾಗಾಗಿ ವೇಲ್ಸ್‌ಗೆ ಪಾಲಿಲ್ಲ. ಈ ಸಿಟ್ಟು ಅಲ್ಲಿ ಪಕ್ಷ ನೋಡದೆ ಎಲ್ಲರಿಗೂ ಇದೆ. 14ನೇ ಹಣಕಾಸು ಆಯೋಗ ಕೇಂದ್ರದ ತೆರಿಗೆಯಲ್ಲಿ ರಾಜ್ಯಗಳಿಗೆ ಹಂಚುವ ಹಣದಲ್ಲಿ ನಮಗೆ ಕೊಟ್ಟದ್ದು 4.713%, 15ನೆಯದು 3.647%ಕ್ಕೆ ಇಳಿಸಿತು ಅಂತ ನಮ್ಮವರು ಎಷ್ಟು ಸಲ ಹೇಳಿಲ್ಲ? ಹೆಸರು ಬೇರೆ, ಹಾಡು ಒಂದೇ.

ಒಂದು ಸ್ಟಾರ್ ಕಿತ್ತುಕೊಂಡದ್ದು ಇಲ್ಲಿ. ಕೇಳಿದ್ದಕ್ಕೆ ನೇರ ಉತ್ತರ ಸಿಗುವುದು ಕಡಿಮೆ. ಪಟ್ಟಿ ಯಾಕೆ ಬೆಳೆಯಿತು ಅಂದರೆ ಲಂಡನ್ನಿನ ಹಿಂದಿನ ಸರಕಾರದ ಕಥೆ ಹೇಳುತ್ತಾರೆ, ಕೇಳಿದವರ ಪಕ್ಷದ ಹಳೇ ತಪ್ಪು ಎತ್ತುತ್ತಾರೆ. ನಮ್ಮ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅನ್ನೋದಕ್ಕೆ ಇಂಗ್ಲಿಷಿನ ಸೂಟು ಹಾಕಿದ ಹಾಗೆ. ಒಂದೇ ವ್ಯತ್ಯಾಸ, ಯಾರೂ ಸದನದ ಬಾವಿಗೆ ಇಳಿದು ಕೂಗುವುದಿಲ್ಲ. ಹಾರಿಕೆ ಉತ್ತರವಾದರೂ ಪೂರ್ತಿ ಕಿವಿಗೆ ಬೀಳುತ್ತದೆ. ಆಡಿದ್ದೆಲ್ಲ ಆಮೇಲೆ ಬರಹದಲ್ಲೂ ಸಿಗುತ್ತದೆ, ಹುಡುಕಬಹುದು. ಮೂರು ತಿಂಗಳ ಹಿಂದೆ ಮಂತ್ರಿ ಏನು ಹೇಳಿದ್ದರು ಅಂತ ಗಿರಾಕಿ ಇಲ್ಲದ ಹೊತ್ತಲ್ಲಿ ಹುಡುಕಿ ನೋಡುವುದು ನನಗೊಂದು ಚಟವಾಗಿದೆ.

ಭಾಷೆ ವಿಷಯಕ್ಕೆ ಬೇಕಾದರೆ ಆರನೇ ಸ್ಟಾರ್ ಕೊಡುತ್ತೇನೆ. ವೇಲ್ಸ್‌ನಲ್ಲಿ ವೆಲ್ಷ್ ಮಾತಾಡುವವರು 2021ರ ಗಣತಿ ಪ್ರಕಾರ 17.8% ಮಾತ್ರ. ಆದರೂ ಸದಸ್ಯರು ಬೇಕೆಂದಾಗ ವೆಲ್ಷ್‌ನಲ್ಲಿ ಕೇಳುತ್ತಾರೆ. ಕೂಡಲೇ ಉಳಿದವರ ಕೈ ಹೆಡ್‌ಫೋನ್‌ಗೆ ಹೋಗುತ್ತದೆ. ನಾವು ಮೊಬೈಲಿನಲ್ಲಿ ಇಂಗ್ಲಿಷ್ ಅನುವಾದದ ದನಿ ಆರಿಸಿಕೊಳ್ಳಬಹುದು. ಅನುವಾದ ಮಾಡುವ ಹೆಣ್ಣುಮಗಳು ಉಸಿರು ತಗೊಳ್ಳೋದೂ ಕೇಳಿಸುತ್ತದೆ, ಅಷ್ಟು ಹಿಂದೆಹಿಂದೆಯೇ ಬರುತ್ತಾಳೆ. ಕಡತ ಎರಡೂ ಭಾಷೆಯಲ್ಲಿ. ಸಭಾಧ್ಯಕ್ಷರಿಗೆ ಅವರ ಭಾಷೆಯಲ್ಲಿ ಒಂದು ಹೆಸರಿದೆ, ಸೊಸೆ ನಾಲ್ಕು ಸಲ ಹೇಳಿಕೊಟ್ಟರೂ ನನ್ನ ನಾಲಿಗೆ ಹೊರಳಲಿಲ್ಲ. ನಮ್ಮ ಅಕ್ಷರದಲ್ಲಿ ಅದನ್ನು ಬರೆಯುವುದೂ ಆಗದು.

ಇದೆಲ್ಲ ನೋಡುವಾಗ ನನಗೆ ಅಣ್ಣನ ನೆನಪಾಗುತ್ತದೆ. ಸೊಂಟದ ಆಪರೇಷನ್ ಆಗಬೇಕಿತ್ತು. ಎಪಿಎಲ್ ಕಾರ್ಡು, ಆರೋಗ್ಯ ಕರ್ನಾಟಕದಲ್ಲಿ 30% ಸಿಗುತ್ತದೆ ಅಂತ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಚೀಟಿ ಹಿಡಿದು ಓಡಾಡಿದೆವು. ಹೆಸರು ಬೇಡ. "ಸೋಮವಾರ ಬರ್ರಿ" ಅಂದರು. ಹೋದರೆ ಮತ್ತೊಂದು ಸೋಮವಾರ. ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ, ಔಷಧ ಕಂಪನಿಯವರು ಕೊಟ್ಟದ್ದು ಅದು, ನಾನು ಒಂದೊಂದು ಸೋಮವಾರಕ್ಕೂ ನೀಲಿ ಪೆನ್ನಿನಿಂದ ಗುಂಡು ಹಾಕುತ್ತಿದ್ದೆ. ಒಂಬತ್ತು ಗುಂಡು ಆದವು. ಅವನು ಎಷ್ಟು ವಾರ ಕಾದ ಅನ್ನೋದಕ್ಕೆ ಆ ಕ್ಯಾಲೆಂಡರು ಬಿಟ್ಟರೆ ಬೇರೆ ಕಾಗದ ನನ್ನ ಹತ್ತಿರ ಇಲ್ಲ. ವೇಲ್ಸ್‌ನಲ್ಲಿ ಅವನು ಇನ್ನೂ ಜಾಸ್ತಿ ಕಾಯುತ್ತಿದ್ದನೇನೋ. ಆದರೆ ಅಲ್ಲಿ ಪ್ರತಿ ತಿಂಗಳು ಆ ಕಾಯುವಿಕೆಯ ಲೆಕ್ಕ ಹೊರಗೆ ಬರುತ್ತದೆ, ಮಂಗಳವಾರ ಯಾರೋ ಒಬ್ಬರು ಅದನ್ನು ಹಿಡಿದುಕೊಂಡು ಎದ್ದು ನಿಲ್ಲುತ್ತಾರೆ. ಈ ಮಾತು ಹೇಳಿದರೆ ಸೊಸೆ ಒಪ್ಪುವುದಿಲ್ಲ. "ಲೆಕ್ಕ ತಗೊಂಡು ಸೊಂಟಕ್ಕ ಕಟ್ಕೋತಾರೇನು ಮಾಮಾ" ಅನ್ನುತ್ತಾಳೆ. ಅವಳು ವಾರ್ಡಿನಲ್ಲಿ ನಿಂತು ನೋಡುವವಳು, ನಾನು ಕೌಂಟರಿನಲ್ಲಿ ಕೂತು ನೋಡುವವನು.

ನೋಡುವವರಿಗೆ ಒಂದೆರಡು ಮಾತು. ಮೊದಲ ವಾರ ಏನೂ ತಿಳಿಯುವುದಿಲ್ಲ, ಹಿನ್ನೆಲೆ ಯಾರೂ ವಿವರಿಸುವುದಿಲ್ಲ, ಎರಡು ಮೂರು ವಾರ ಬಿಡದೆ ನೋಡಿ. ನೇರಪ್ರಸಾರವೇ ಬೇಕು ಅಂತೇನಿಲ್ಲ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಹಳೆಯದನ್ನೂ ಹಾಕಿಕೊಳ್ಳಬಹುದು. ಆಗಸ್ಟ್‌ನಲ್ಲಿ ಸದನಕ್ಕೆ ರಜೆ. ಸಂಜೆ ಗಿರ್ಮಿಟ್ ತಿನ್ನುತ್ತಾ ನೋಡುವವರು ಕೈ ಒರೆಸಿಕೊಂಡು ಪರದೆ ಮುಟ್ಟಿ, ನನ್ನ ಮೊಬೈಲಿನ ಮೇಲೆ ಇನ್ನೂ ಅರಿಶಿನದ ಕಲೆ ಇದೆ.