ಬೈಪ್ಲೇನ್ ಮಾದರಿಗೆ ಯಾವ ದಾರ: ಎಲಾಸ್ಟಿಕ್, ಗಾಳದ ನೈಲಾನ್, ಇಲ್ಲವೇ ರಿವೈಂಡಿಂಗ್ ತಂತಿ?

ಮೊದಲೇ ಹೇಳಿಬಿಡುತ್ತೇನೆ, 1/72 ಮತ್ತು 1/48 ಅಳತೆಯ ಪ್ಲಾಸ್ಟಿಕ್ ಬೈಪ್ಲೇನ್ (ಒಂದರ ಮೇಲೊಂದು ಎರಡು ರೆಕ್ಕೆಯ ವಿಮಾನ) ಮಾದರಿಗೆ ನಾನು ಹಾಕುವುದು ಎಲಾಸ್ಟಿಕ್ ದಾರವನ್ನೇ. ರಿಗ್ಗಿಂಗಿಗೆ, ಅಂದರೆ ರೆಕ್ಕೆಗಳ ನಡುವಿನ ತಂತಿ ಕಟ್ಟಲಿಕ್ಕೆ, ಹೇಳಿ ಮಾಡಿಸಿದಂಥ, 100 ಅಡಿಯ ರೀಲಿನಲ್ಲಿ ಬರುವ, ಸುಮಾರು 0.08 ಮಿಮೀ ದಪ್ಪದ್ದು. ಹುಬ್ಬಳ್ಳಿ-ಧಾರವಾಡದ ಅಂಗಡಿಗಳಲ್ಲಿ ನನಗಂತೂ ಸಿಕ್ಕಿಲ್ಲ. ಆನ್‌ಲೈನಿನಲ್ಲೇ ತರಿಸಬೇಕು, ಕೊರಿಯರ್ ಖರ್ಚು ಕೂಡಿಸಿದರೆ ‘ಒಂದು ದಾರಕ್ಕೆ ಇಷ್ಟಾ?’ ಅನ್ನಿಸುತ್ತದೆ. ಆದರೂ ಗಾಳದ ನೈಲಾನ್ ದಾರ, ಮೋಟರ್ ರಿವೈಂಡಿಂಗ್ ತಾಮ್ರದ ತಂತಿ, ಕಾಯಿಸಿ ಎಳೆದ ಸ್ಪ್ರೂ (ಕಿಟ್ಟಿನ ಬಿಡಿಭಾಗಗಳನ್ನು ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿ) ಇವನ್ನೆಲ್ಲ ಹಾಕಿ ನೋಡಿದ ಮೇಲೆ ದುಡ್ಡು ಹೋದದ್ದಕ್ಕೆ ಬೇಸರವಿಲ್ಲ.

ಹೋಲಿಕೆಗೆ ಎರಡು ಬ್ರಿಟಿಷ್ ಬೈಪ್ಲೇನಿನ ಮಾದರಿ: 1/48ರ ಎಸ್‌ಇ5ಎ, 1/72ರ ಟೈಗರ್ ಮಾತ್. ಎಸ್‌ಇ5ಎ ಯಾಕೆಂದರೆ ಮೊದಲ ಮಹಾಯುದ್ಧದ ಭಾರತೀಯ ಪೈಲಟ್ ಇಂದ್ರಲಾಲ್ ರಾಯ್ 1918ರ ಜುಲೈಯಲ್ಲಿ ಹತ್ತು ಗೆಲುವು ಪಡೆದದ್ದು ಇದೇ ವಿಮಾನದಲ್ಲಿ. ಟೈಗರ್ ಮಾತ್ ಯಾಕೆಂದರೆ ಅದರ ಕಿಟ್ ಕೈಗೆಟಕುವ ಬೆಲೆಗೆ ಸಿಗುತ್ತದೆ.

ದಪ್ಪದ ಲೆಕ್ಕ ಇಷ್ಟೇ. ನಿಜ ವಿಮಾನದ 4 ಮಿಮೀ ತಂತಿ 1/48ರಲ್ಲಿ 0.083 ಮಿಮೀ ಆಗುತ್ತದೆ, 1/72ರಲ್ಲಿ 0.056. ಹುಬ್ಬಳ್ಳಿಯ ದಾಜಿಬಾನ ಪೇಟೆಯಲ್ಲಿ ಮಣಿ ಪೋಣಿಸಲು ಸಿಗುವ ಅರ್ಧ ಮಿಮೀ ಎಲಾಸ್ಟಿಕ್ ಅಗ್ಗ ಅಂತ ತಂದು ಹಾಕಿದರೆ 1/48ರಲ್ಲಿ ಅದು 24 ಮಿಮೀ ಹಗ್ಗ. ವಿಮಾನ ಹಾರಲಿಕ್ಕಲ್ಲ, ಜಗ್ಗಲಿಕ್ಕೆ ಕಟ್ಟಿದ ಹಾಗೆ ಕಾಣುತ್ತದೆ.

ಗಾಳದ ನೈಲಾನ್ ದಾರದ ಪರವಾಗಿ ಹೇಳಲು ಬೇಕಾದಷ್ಟಿದೆ. 0.10 ಮಿಮೀ ದಾರ ಅಗ್ಗ, ಎಳೆ ನುಣುಪು, ಜಗ್ಗಿದರೆ ಹರಿಯುವುದಿಲ್ಲ. ಮೇಲಿನ ರೆಕ್ಕೆಯ ಅಡಿಗೆ ಅರ್ಧ ತೂತು, ಕೆಳಗಿನ ರೆಕ್ಕೆಗೆ ಆರಪಾರ ತೂತು. ಮೇಲಿನ ತುದಿ ಅಂಟಿಸಿ, ಕೆಳಗಿನ ತುದಿಗೆ ಬಟ್ಟೆ ಒಣಗಿಸುವ ಕ್ಲಿಪ್ ತೂಗಬಿಟ್ಟು, ಅಂಟು ಗಟ್ಟಿಯಾದ ಮೇಲೆ ಹೊಸ ಬ್ಲೇಡಿನಿಂದ ಸಮ ಕತ್ತರಿಸಿ ಪುಟ್ಟಿ ಹಚ್ಚುವುದು. ಎಲ್ಲಾದರೂ ಸಡಿಲ ಉಳಿದರೆ ಊದಿನಕಡ್ಡಿಯ ಕೆಂಡವನ್ನು ದಾರದಿಂದ ಸುಮಾರು 5 ಮಿಮೀ ದೂರದಲ್ಲಿ ಸರ್ರನೆ ಓಡಿಸಿದರೆ ಸಾಕು, ವೀಣೆಯ ತಂತಿಯಂತೆ ಬಿಗಿಯುತ್ತದೆ. ಕೆಂಡ ಒಂದು ಕಡೆ ನಿಂತರೆ ದಾರ ತುಂಡು. ರೆಕ್ಕೆಗೆ ತಾಗಿದರೆ ಕಿಟ್ಟಿನ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನ್ 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುವುದರಿಂದ ಗುಳಿ ಬೀಳುತ್ತದೆ. ಬೂದಿ ಉದುರದಂತೆ ಕಡ್ಡಿಯನ್ನು ಆಗಾಗ ಕೊಡವುತ್ತಿರಬೇಕು.

ಫೆಬ್ರುವರಿ, ಮಾರ್ಚಿನಲ್ಲಿ ಹೀಗೆ ಕಟ್ಟಿದ ಮಾದರಿ ನೋಡಲು ಹಬ್ಬ. ತಕರಾರು ಶುರುವಾಗುವುದು ಜೂನಿನಲ್ಲಿ. ಧಾರವಾಡ ಮಲೆನಾಡಿನ ಸೆರಗಿನಲ್ಲಿರುವ ಊರು. ಜಿಟಿಜಿಟಿ ಮಳೆ ಹಿಡಿದರೆ ಉಪ್ಪಿನ ಡಬ್ಬಿಯೇ ನೀರೊಡೆಯುತ್ತದೆ, ನೈಲಾನ್ ಯಾವ ಲೆಕ್ಕ? ಅದು ನೀರು ಕುಡಿಯುವ ಪ್ಲಾಸ್ಟಿಕ್. ಹವೆಯ ತೇವಾಂಶ ಶೇ. 50 ಇದ್ದಾಗಲೇ ಸಾಮಾನ್ಯ ನೈಲಾನ್ ತನ್ನ ತೂಕದ ಶೇ. 2.5ರಿಂದ 3ರಷ್ಟು ನೀರು ಹೀರಿರುತ್ತದೆ, ಪೂರ್ತಿ ನೆನೆದರೆ ಶೇ. 9ರ ಹತ್ತಿರ ಹೋಗುತ್ತದೆ. ಹೀರಿದಷ್ಟೂ ಉದ್ದವಾಗುತ್ತದೆ.

ಈ ಉದ್ದ ಕೂದಲೆಳೆಯಷ್ಟೇ ಅಲ್ಲವೇ ಅನ್ನಬೇಡಿ, ಕೆಡಿಸುವುದೇ ಆ ಕೂದಲೆಳೆ. ಎರಡು ತುದಿ ಕಟ್ಟಿದ ದಾರ ಎಷ್ಟು ಬಾಗುತ್ತದೆ ಎನ್ನುವುದಕ್ಕೆ ಸುಲಭ ಸೂತ್ರವಿದೆ: ತುದಿಯಿಂದ ತುದಿಯ ಅಂತರ, ಹೆಚ್ಚಾದ ಉದ್ದ, 0.375, ಈ ಮೂರನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. 60 ಮಿಮೀ ಅಂತರದಲ್ಲಿ ದಾರ ಬರೀ 0.1 ಮಿಮೀ ಹಿಗ್ಗಿದರೆ ನಡುವೆ 1.5 ಮಿಮೀ ಬಾಗು ಬರುತ್ತದೆ. ನಿಜ ವಿಮಾನದ ಲೆಕ್ಕದಲ್ಲಿ ಅದು 7 ಸೆಂಮೀ ಜೋತುಬಿದ್ದ ತಂತಿ. ನಾಲ್ಕು ತಂತಿ ನೇರ, ಎರಡು ಜೋತು ಅಂತಾದರೆ ಮೊದಲು ಕಣ್ಣು ಹೋಗುವುದು ಆ ಎರಡರ ಮೇಲೆಯೇ.

ಮತ್ತೆ ಊದಿನಕಡ್ಡಿ ಹಿಡಿದು ಬಿಗಿ ಮಾಡಬಹುದಲ್ಲ? ಮಾಡಬಹುದು. ಆದರೆ ಜುಲೈನ ತೇವದಲ್ಲಿ ಬಿಗಿ ಮಾಡಿದ ದಾರ ಮಾರ್ಚಿನ ಒಣ ಹವೆಗೆ ಕುಗ್ಗುತ್ತದೆ, ಕುಗ್ಗಿದಾಗ ರೆಕ್ಕೆಯನ್ನು ಎಳೆಯುತ್ತದೆ. 1/48ರ ರೆಕ್ಕೆ ತಡೆದುಕೊಂಡೀತು. 1/72ರ ಟೈಗರ್ ಮಾತ್‌ನಲ್ಲಿ ರೆಕ್ಕೆಯ ಹಿಂದಿನ ಅಂಚು ಬಿಲ್ಲಿನಂತೆ ಬಾಗುತ್ತದೆ, ಇಲ್ಲವೇ ಮೇಲಿನ ರೆಕ್ಕೆಯನ್ನು ಹೊತ್ತ ನಡುವಿನ ಕಂಬ, ಅಂದರೆ ಸ್ಟ್ರಟ್‌ನ ಬೆಸುಗೆ ಬಿಡುತ್ತದೆ. ಮೇಲಾಗಿ, ಪ್ರತಿ ಸಲ ಕಾಯಿಸಿದಾಗಲೂ ದಾರದ ಕುಗ್ಗುವ ಶಕ್ತಿ ಕಡಿಮೆಯಾಗುತ್ತಾ ಹೋಗುತ್ತದೆ, ಎಳೆ ಪೆಡಸಾಗುತ್ತದೆ.

ನೈಲಾನೇ ಬೇಕು ಅನ್ನುವವರು ದಸರೆಯಿಂದ ದೀಪಾವಳಿಯ ಒಳಗೆ, ಹವೆ ತೀರಾ ತೇವವೂ ಅಲ್ಲ ತೀರಾ ಒಣವೂ ಅಲ್ಲದ ಹೊತ್ತಿನಲ್ಲಿ ಕಟ್ಟಲಿ. ಆಗ ಎರಡೂ ಕಡೆಯ ಏರುಪೇರು ಅರ್ಧರ್ಧ ಹಂಚಿಹೋಗುತ್ತದೆ. ಗದಗಿನ ಒಣ ಹವೆಯಲ್ಲಿ ಈ ಕಾಟ ಇಷ್ಟು ಇರಲಿಕ್ಕಿಲ್ಲ. ಫ್ಲೂರೋಕಾರ್ಬನ್ ದಾರ ನೀರು ಕುಡಿಯುವುದಿಲ್ಲ, ಆದರೆ ಇಷ್ಟು ತೆಳ್ಳಗಿನದು ಸಿಗುವುದು ಕಷ್ಟ.

ತಾಮ್ರದ ತಂತಿ ನನ್ನ ಎರಡನೇ ಆಯ್ಕೆ, ಅಗ್ಗದಲ್ಲಿ ಮೊದಲನೆಯದು. ರಿವೈಂಡಿಂಗ್ ಅಂಗಡಿಯಲ್ಲಿ ಗೇಜ್ ಹೇಳಿ ಕೇಳಬೇಕು: 44 ಅಂದರೆ 0.081 ಮಿಮೀ, 42 ಅಂದರೆ 0.102, 40 ಅಂದರೆ 0.122. ತೂಕದ ಮೇಲೆ ಕೊಡುತ್ತಾರೆ. 44ರ ತಂತಿ 50 ಗ್ರಾಂ ಅಂದರೆ ಒಂದು ಕಿಲೋಮೀಟರಿಗಿಂತ ಉದ್ದ, ಹೀಗಾಗಿ ‘ಐದು ಗ್ರಾಂ ಕೊಡ್ರಿ’ ಅಂದಾಗ ಅಂಗಡಿಯವರು ಮುಖ ನೋಡುವುದು ಸಹಜ. ಸುರುಳಿ ಬಿಡಿಸಲು ಒಂದು ತುದಿಯನ್ನು ವೈಸಿನಲ್ಲಿ ಕಚ್ಚಿಸಿ, ಇನ್ನೊಂದನ್ನು ಇಕ್ಕಳಕ್ಕೆ ಸುತ್ತಿ ನಿಧಾನ ಎಳೆಯಿರಿ. 300 ಮಿಮೀ ತಂತಿ 5–6 ಮಿಮೀ ಹಿಗ್ಗಿದ್ದು ಕೈಗೆ ಗೊತ್ತಾಗುತ್ತದೆ, ಅಷ್ಟರಲ್ಲಿ ಅದು ಸೂಜಿಯಂತೆ ನೇರವಾಗಿರುತ್ತದೆ. ಬಣ್ಣ ಆಗಲೇ ಹಚ್ಚಿಬಿಡಿ. ಆಮೇಲೆ ಡಿವೈಡರಿನಿಂದ ಅಂತರ ಅಳೆದು ಕತ್ತರಿಸಿ, ಎರಡೂ ತುದಿಗೆ ಚುಕ್ಕೆ ಫೆವಿಕಾಲ್ ತಾಗಿಸಿ ಚಿಮಟದಿಂದ ಕೂಡಿಸಿದರೆ ಮುಗಿಯಿತು. ತೂತು ಬೇಕಿಲ್ಲ, ಎಳೆತವಿಲ್ಲ, ರೆಕ್ಕೆ ಬಾಗುವ ಮಾತೇ ಇಲ್ಲ, ಅಂಟು ಹೆಚ್ಚಾದರೆ ಒದ್ದೆ ಬ್ರಷ್‌ನಿಂದ ಒರೆಸಬಹುದು.

ಸೋಲುವುದು ಧೂಳಿಗೆ. ಹುಬ್ಬಳ್ಳಿಯಲ್ಲಿ ಗಾಜಿನ ಪೆಟ್ಟಿಗೆಯೊಳಗೂ ಧೂಳು ಕೂರುತ್ತದೆ, ಒರೆಸಲು ಬ್ರಷ್ ತಾಗಿಸಿದರೆ ಈ ತಂತಿ ಬಾಗುತ್ತದೆ, ಬಾಗಿದ್ದು ಮತ್ತೆ ನೇರವಾಗುವುದಿಲ್ಲ. ಕಿತ್ತು ಬೇರೆ ಹಾಕಬೇಕು.

ಎಲಾಸ್ಟಿಕ್ ಗೆಲ್ಲುವುದು ಇಲ್ಲಿಯೇ. ಬೆರಳು ತಾಗಿದರೂ, ಬ್ರಷ್ ಎಳೆದರೂ, ಮಾದರಿಯನ್ನು ಡಬ್ಬಿಯಲ್ಲಿಟ್ಟುಕೊಂಡು ಚಿಗರಿ ಬಸ್ಸಿನಲ್ಲಿ ಧಾರವಾಡದಿಂದ ಹುಬ್ಬಳ್ಳಿಗೆ ಒಯ್ದರೂ ಮತ್ತೆ ನೇರ. ಮಳೆಗಾಲ, ಬೇಸಿಗೆ ಎರಡಕ್ಕೂ ಅದರ ಸ್ವಂತ ಹಿಗ್ಗೇ ಸರಿದೂಗಿಸಿಕೊಳ್ಳುತ್ತದೆ.

ಹಾಕುವ ಕ್ರಮ: ಬಣ್ಣ ಹಚ್ಚುವ ಮೊದಲೇ 0.3 ಮಿಮೀ ಡ್ರಿಲ್ ಬಿಟ್‌ನಿಂದ ಸುಮಾರು 1 ಮಿಮೀ ಆಳ ಕೊರೆಯಿರಿ, ತಂತಿ ಹೋಗುವ ದಿಕ್ಕಿಗೇ ಓರೆಯಾಗಿ. ಪಿಸಿಬಿ ಕೊರೆಯುವ ಕಾರ್ಬೈಡ್ ಬಿಟ್ ಚೂಪು, ಆದರೆ ಅಡ್ಡ ಒತ್ತಿದರೆ ಚಟ್ಟನೆ ಮುರಿಯುತ್ತದೆ. ಡೆಕಾಲ್, ವಾರ್ನಿಶ್ ಎಲ್ಲ ಮುಗಿದ ಮೇಲೆ ದಾರ. ಸೂಪರ್ ಗ್ಲೂ ಹನಿಯನ್ನು ಅಲ್ಯೂಮಿನಿಯಂ ಫಾಯಿಲ್ ಮೇಲೆ ಬಿಟ್ಟು ದಾರದ ತುದಿಯನ್ನಷ್ಟೇ ಅದ್ದಿ ಮೇಲಿನ ತೂತಿಗೆ ಇಡಿ. ಹತ್ತು ನಿಮಿಷ ಬಿಟ್ಟು, ಅಂತರ 60 ಮಿಮೀ ಇದ್ದರೆ ದಾರವನ್ನು 52–53ಕ್ಕೆ ಕತ್ತರಿಸಿ, ಎಳೆದು ಕೆಳಗಿನ ತೂತಿಗೆ ಸೇರಿಸಿ. ಮೂರನೇ ಒಂದರಷ್ಟು ಹಿಗ್ಗಿಸಿದರೆ ಅಂಟು ಗಟ್ಟಿಯಾಗುವ ಮೊದಲೇ ತುದಿ ಪಟ್ಟನೆ ಹಾರುತ್ತದೆ. ಒಳಗಿನಿಂದ ಹೊರಕ್ಕೆ ಹೋಗಬೇಕು: ಮೊದಲು ನಡುವಿನ ಸ್ಟ್ರಟ್‌ಗಳ ಅಡ್ಡ ತಂತಿ, ಆಮೇಲೆ ಮೇಲಿನಿಂದ ಹೊರಗಿನ ಸ್ಟ್ರಟ್ ಬುಡಕ್ಕೆ ಇಳಿಯುವವು, ಆಮೇಲೆ ಕೆಳಗಿನಿಂದ ಏರುವ ಜೋಡಿ ತಂತಿ, ಕೊನೆಗೆ ಕಂಟ್ರೋಲ್ ತಂತಿಗಳು. ಜೋಡಿ ತಂತಿಗೆ ತೂತೂ ಎರಡು. ಒಂದರಲ್ಲೇ ತುರುಕಿದರೆ ಎರಡೂ ಅಂಟಿಕೊಂಡು ಒಂದು ದಪ್ಪ ದಾರ ಕಾಣುತ್ತದೆ.

ಮಳೆಗಾಲದ ಕಾಟ ಇಲ್ಲಿ ಬೇರೆ ರೂಪದಲ್ಲಿ ಬರುತ್ತದೆ. ತೇವದಲ್ಲಿ ಸೂಪರ್ ಗ್ಲೂ ಬೇಗ ಹಿಡಿಯುತ್ತದೆ, ಜೊತೆಗೆ ಸುತ್ತ ಬಿಳಿ ಮಬ್ಬು ಬಿಡುತ್ತದೆ. ಅಂಟು ಕಡಿಮೆ ಬಳಸಿ, ಗಾಳಿಯಾಡಲು ಬಿಡಿ, ಆ ರಾತ್ರಿ ಪೆಟ್ಟಿಗೆ ಮುಚ್ಚಬೇಡಿ. ಗಾಳಿ ತಡೆಯ ಗಾಜಿನ ಬಳಿ ಫೆವಿಕಾಲೇ ಲೇಸು, ಹಿಡಿಯುವ ತನಕ ಕಾಯುವ ತಾಳ್ಮೆ ಬೇಕು ಅಷ್ಟೇ. ಎಲಾಸ್ಟಿಕ್ ಮೇಲೆ ಬಣ್ಣ ನಿಲ್ಲುವುದಿಲ್ಲ, ಹಿಗ್ಗಿದಾಗ ಬಿರಿಯುತ್ತದೆ. ಆದ್ದರಿಂದ 1/72ಕ್ಕೆ ಕಪ್ಪು ಬಿಟ್ಟು ಬೂದು ಬಣ್ಣದ್ದೇ ಕೊಳ್ಳಿ. ಕಿಟಕಿಯ ಬಿಸಿಲಿಗೆ ಇಡಬೇಡಿ, ಎಳೆ ಸತ್ವ ಕಳೆದುಕೊಳ್ಳುತ್ತದೆ.

ಸ್ಪ್ರೂ ಎಳೆ ಪುಕ್ಕಟೆ, 1/72ಕ್ಕೆ ದಪ್ಪವೂ ಸರಿ, ಉಸಿರು ಜೋರಾಗಿ ಬಿಟ್ಟರೆ ಮುರಿಯುತ್ತದೆ.

ಜರ್ಮನ್ ವಿಮಾನಗಳ ದುಂಡು ತಂತಿಗೆ ಟರ್ನ್‌ಬಕಲ್ (ತಂತಿ ಬಿಗಿಸುವ ತಿರುಪು) ಬೇಕು. ಎಲೆಕ್ಟ್ರಾನಿಕ್ಸಿನವರು ಬಳಸುವ 30 ಗೇಜಿನ ವೈರ್-ರ‍್ಯಾಪ್ ತಂತಿಯ ಹೊರಕವಚ ಅರ್ಧ ಮಿಮೀ. ಅದನ್ನು ತುಂಡರಿಸಿ ದಾರಕ್ಕೆ ಪೋಣಿಸಿ ಹಿತ್ತಾಳೆ ಬಣ್ಣ ಕೊಟ್ಟರೆ 1/32ಕ್ಕೆ ಒಪ್ಪುತ್ತದೆ. 1/48ಕ್ಕೆ ಅದು ದಪ್ಪ, ಅಲ್ಲಿ ಒಂದು ಹನಿ ಫೆವಿಕಾಲ್ ಸಾಕು. ಈ ದಾರದ ಸಹವಾಸವೇ ಬೇಡ ಅನ್ನುವವರಿಗೆ ಜರ್ಮನ್ ಬೈಪ್ಲೇನ್ ಫೋಕರ್ ಡಿ.7 ಇದೆ: ಎರಡು ರೆಕ್ಕೆಯ ನಡುವೆ ಒಂದೂ ತಂತಿಯಿಲ್ಲ, ಗಾಲಿಯ ಹತ್ತಿರ ಅಡ್ಡ ತಂತಿ ಮತ್ತು ಕಂಟ್ರೋಲ್ ತಂತಿ ಅಷ್ಟೇ.

ಬಜೆಟ್ಟಿನ ಮಾತಿಗೆ ಬಂದರೆ, 1/48ರ ಒಂದು ಮಾದರಿಗೆ ಎರಡೂವರೆ-ಮೂರು ಮೀಟರ್ ದಾರ ಹೋಗುತ್ತದೆ, 100 ಅಡಿ ರೀಲಿನಲ್ಲಿ ಹತ್ತು ವಿಮಾನ. ವರ್ಷಕ್ಕೆ ಎರಡು ಮಾದರಿ ಕಟ್ಟಿ, ಒರೆಸುತ್ತಾ, ಬಂದವರ ಕೈಗೆ ಕೊಡುತ್ತಾ ಇರುವ ನನ್ನಂಥವರಿಗೆ ಅದು ದುಬಾರಿಯಲ್ಲ. ಒಂದೇ ಬೈಪ್ಲೇನ್ ಕಟ್ಟಿ, ಬಿಗಿ ಮುಚ್ಚಿದ ಗಾಜಿನೊಳಗಿಟ್ಟು ಮುಟ್ಟುವುದೇ ಇಲ್ಲ ಅನ್ನುವವರು 44ರ ತಾಮ್ರ ತರಲಿ. ಇನ್ನು 1/32ರ ಬ್ರಿಟಿಷ್ ವಿಮಾನಕ್ಕೆ ಕೈ ಹಾಕಿದರೆ ನಾನೂ ತಾಮ್ರಕ್ಕೇ ಹೋಗುತ್ತೇನೆ. ಎಸ್‌ಇ5ಎಯಂಥ ಆ ವಿಮಾನಗಳ ರೆಕ್ಕೆ ತಂತಿ ದುಂಡಗಿನದಲ್ಲ, ಚಪ್ಪಟೆ ಪಟ್ಟಿ. ಗಾಜಿನ ಮೇಲೆ 40ರ ತಂತಿಯಿಟ್ಟು ಉಕ್ಕಿನ ಸರಳು ಉರುಳಿಸಿದರೆ ಆ ಚಪ್ಪಟೆತನ ಬರುತ್ತದೆ, ಎಲಾಸ್ಟಿಕ್‌ನಲ್ಲಿ ಏನು ಮಾಡಿದರೂ ಬರುವುದಿಲ್ಲ.