ದುಬೈ ದುಡ್ಡನ್ನು ಊರಿನ ಫೈನಾನ್ಸ್ ‘ಬಾಂಡ್’ಗೆ ಹಾಕುವ ಮುಂಚೆ ಇದನ್ನು ಓದಿ

ದಾವಣಗೆರೆಯಲ್ಲಿ ಮಗನೋ ತಮ್ಮನೋ ಗಲ್ಫ್‌ನಲ್ಲಿ ದುಡಿಯುತ್ತಿರುವ ಮನೆಗಳು ಬೇಕಾದಷ್ಟಿವೆ. ಅವರೆಲ್ಲ ದಯವಿಟ್ಟು ಇದನ್ನು ಓದಬೇಕು.

ನನ್ನ ತಮ್ಮ ದುಬೈಯಲ್ಲಿ ಎಸಿ ಡಕ್ಟ್ ಹಾಕುವ ಕೆಲಸದಲ್ಲಿದ್ದಾನೆ. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ, ನಿಜ. ಹಾಗಂತ ದುಡ್ಡು ತಾನಾಗಿ ಉಳಿಯುತ್ತಾ? ಬೆಡ್ ಸ್ಪೇಸ್‌ನಲ್ಲಿ (ಹಲವರು ಇರುವ ರೂಮಿನಲ್ಲಿ ಬಾಡಿಗೆಗೆ ಸಿಗುವ ಒಂದು ಮಂಚ) ಮಲಗಿ, ರೂಮಿನವರ ಜೊತೆ ಪಾಳಿ ಮೇಲೆ ಅಡುಗೆ ಮಾಡಿಕೊಂಡು, ಊರಿಗೆ ಬರುವ ರಜೆಯನ್ನೂ ಮುಂದೂಡಿ ಉಳಿಸಿದ ದುಡ್ಡು ಅದು.

ಅದರ ವಾಸನೆ ಹಿಡಿದು ಬಂದವನು ಪರಿಚಯದವನೇ, ಮಂಡಿಪೇಟೆ ಹತ್ತಿರದ ಒಂದು ಫೈನಾನ್ಸ್‌ನ ಏಜೆಂಟ್. ‘ಬ್ಯಾಂಕಲ್ಲಿ ಏನ್ ಬರುತ್ತೆ ಅಮ್ಮಾರೆ? ನಮ್ಮಲ್ಲಿ ಎರಡು ರೂಪಾಯಿ ಬಡ್ಡಿ’ ಎಂದ. ಅಂದರೆ ವರ್ಷಕ್ಕೆ ನೂರಕ್ಕೆ 24. ಹೊರದೇಶದಲ್ಲಿ ಇರೋರ ಹೆಸರಲ್ಲಿ ಇಟ್ಟರೆ ಟ್ಯಾಕ್ಸಿನ ರಗಳೆ, ನಿಮ್ಮ ಹೆಸರಲ್ಲೇ ಇಡೋಣ ಎಂದು ಅಮ್ಮನನ್ನು ಒಪ್ಪಿಸಿದ.

ಕೊಟ್ಟ ಬಾಂಡ್ ನೋಡಿದರೆ ಬ್ಯಾಂಕಿನದೇ ಅನ್ನಬೇಕು. ದಪ್ಪ ಕಾಗದ, ಬಣ್ಣದ ಅಂಚು, ಮೇಲೆ ಲಕ್ಷ್ಮಿ ಚಿತ್ರ, ಕೆಳಗೆ ದುಂಡನೆ ಸೀಲು. ನೋಂದಣಿ ಸಂಖ್ಯೆ ಮಾತ್ರ ಎಲ್ಲೂ ಇಲ್ಲ. ಬಡ್ಡಿ ಮೊದಮೊದಲು ತಿಂಗಳಿಗೆ ಸರಿಯಾಗಿ ಬಂತು. ಅವಧಿ ಮುಗಿದಾಗ ‘ರಿನ್ಯೂವಲ್ ಮಾಡಿಸಿಕೊಡ್ತೀನಿ’ ಎಂದು ಅಸಲು ಬಾಂಡನ್ನೇ ತೆಗೆದುಕೊಂಡು ಹೋದ. ಹೊಸದರ ಫೋಟೋ ವಾಟ್ಸಾಪ್‌ಗೆ ಬಂತು, ಕಾಗದ ಬರಲೇ ಇಲ್ಲ. ಆಮೇಲೆ ಬಡ್ಡಿ ನಿಂತಿತು. ಹೋಗಿ ನೋಡಿದರೆ ಆಫೀಸಿಗೆ ಬೀಗ, ಬೋರ್ಡೂ ಇಳಿಸಿದ್ದಾರೆ. ಠಾಣೆಯಲ್ಲಿ ಮೊದಲು ಕೇಳಿದ್ದೇ ಅಸಲು ಬಾಂಡ್. ದುಡಿದವನು ತಮ್ಮ, ಅವನ ಹೆಸರು ಒಂದು ಕಾಗದದಲ್ಲೂ ಇಲ್ಲ.

ಆ ಟ್ಯಾಕ್ಸಿನ ಮಾತು ಶುದ್ಧ ಸುಳ್ಳು. ವಿದೇಶದ ಸಂಬಳವನ್ನು ಹೊರದೇಶದಲ್ಲಿರುವ ಭಾರತೀಯರಿಗೆಂದೇ ನಮ್ಮ ಬ್ಯಾಂಕುಗಳಲ್ಲಿರುವ ಎನ್‌ಆರ್‌ಇ ಖಾತೆಯಲ್ಲಿಟ್ಟರೆ ಅದರ ಬಡ್ಡಿಗೆ ನಮ್ಮ ದೇಶದಲ್ಲಿ ಆದಾಯ ತೆರಿಗೆಯೇ ಇಲ್ಲ. ಎಫ್‌ಡಿ ಒಂದು ವರ್ಷಕ್ಕಿಂತ ಮೊದಲೇ ಮುರಿದರೆ ಬಡ್ಡಿ ಸಿಗಲ್ಲ, ಅಷ್ಟು ನೆನಪಿರಲಿ. ಬ್ಯಾಂಕೇ ಮುಳುಗಿದರೂ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಮನೆ ಖರ್ಚಿಗೆ ಅಮ್ಮ ದುಡ್ಡು ತೆಗೆಯಬೇಕಾ? ಮಗ ಬ್ಯಾಂಕಿಗೆ ಮ್ಯಾಂಡೇಟ್, ಅಂದರೆ ತನ್ನ ಪರವಾಗಿ ಅಮ್ಮ ದುಡ್ಡು ತೆಗೆಯಬಹುದು ಎಂಬ ಒಪ್ಪಿಗೆ ಪತ್ರ, ಬರೆದುಕೊಟ್ಟರೆ ಆಯಿತು. ಖಾತೆ ಅವನ ಹೆಸರಲ್ಲೇ ಇರುತ್ತದೆ.

ಅನುಮತಿ ಇಲ್ಲದೆ ಹೀಗೆ ಠೇವಣಿ ಎತ್ತುವುದು 2019ರ ಕೇಂದ್ರ ಕಾಯ್ದೆ ಪ್ರಕಾರ ಅಪರಾಧ. ಠೇವಣಿದಾರರ ರಕ್ಷಣೆಗೆ ನಮ್ಮ ರಾಜ್ಯದ್ದೇ 2004ರ ಕಾಯ್ದೆಯೂ ಇದೆ. ಅದರಲ್ಲಿ ಮೋಸ ಮಾಡಿದವರ ಆಸ್ತಿ ಜಪ್ತಿ ಮಾಡಿ ಹಂಚಲು ದಾರಿ ಇದೆ, ಆದರೆ ತುಂಬಾ ಕಾಲ ಹಿಡಿಯುತ್ತದೆ. ದುಡ್ಡು ಕೊಡುವ ಮೊದಲೇ ರಿಸರ್ವ್ ಬ್ಯಾಂಕಿನ ‘ಸಚೇತ್’ ವೆಬ್‌ಸೈಟ್‌ನಲ್ಲಿ ಆ ಸಂಸ್ಥೆಯ ಹೆಸರು ಹಾಕಿ ನೋಡಿ. ದೂರನ್ನೂ ಅಲ್ಲೇ ಕೊಡಬಹುದು.

ಅಮ್ಮ ಚೆಕ್ಕಿನಲ್ಲಿ ಕೊಟ್ಟಿದ್ದರಿಂದ ಪಾಸ್‌ಬುಕ್‌ನಲ್ಲಿ ದಾಖಲೆ ಉಳಿದಿದೆ. ಅದನ್ನು ಹಿಡಿದೇ ದೂರು ಕೊಟ್ಟಿದ್ದೇವೆ. ಇಂಥ ಬಾಂಡ್ ನಿಮ್ಮ ಮನೆಯಲ್ಲೂ ಇದ್ದರೆ ಅಸಲು ಕಾಗದವನ್ನು ಯಾರ ಕೈಗೂ ಕೊಡಬೇಡಿ, ಕೇಳಿದರೆ ಜೆರಾಕ್ಸ್ ಕೊಡಿ. ಬಡ್ಡಿ ತಪ್ಪಿದ ಮೊದಲ ತಿಂಗಳೇ ಠಾಣೆಗೆ ಹೋಗಿ.