ಸುರಂಗದ ಕಥೆಗಳಿಗೆ ಮೂರು ಮುಖಪುಟ

ಗೆಳೆಯನ ಕಥಾಸಂಕಲನಕ್ಕೆ ಮುಖಪುಟ ಆಗಬೇಕಿತ್ತು. ಕಥೆಗಳೆಲ್ಲ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ರೈಲು ದಾರಿಯವು, 57 ಸುರಂಗಗಳ ದಾರಿ. ಹಾಸನದ ಡಿಟಿಪಿ ಅಂಗಡಿಯಲ್ಲಿ ಮೂರು ಮಾದರಿ ಮಾಡಿಸಿ, ಕಲರ್ ಪ್ರಿಂಟ್ ತೆಗೆಸಿ, ಡೆಮಿ 1/8 ಅಳತೆಯ, ಅಂದರೆ ಸಾಮಾನ್ಯ ಕಥೆಪುಸ್ತಕದ ಅಳತೆಯ ಹಳೇ ಪುಸ್ತಕಗಳಿಗೆ ಸುತ್ತಿ ನೋಡಿದೆವು. ಮುಖಪುಟವನ್ನು ಕಂಪ್ಯೂಟರಿನಲ್ಲಿ ನೋಡಿ ಒಪ್ಪಬಾರದು, ಕೈಗೆ ಬಂದಾಗ ಅದು ಬೇರೆಯೇ ಕಾಣುತ್ತದೆ.

ಮೊದಲನೆಯದು ಫೋಟೋ. ಮಂಜು, ಕಾಫಿ ತೋಟ, ತಿರುವಿನಲ್ಲಿ ರೈಲು. ಚೆಂದವೇನೋ ಹೌದು. ಆದರೆ ನಮ್ಮ ಕಡೆ ಹೋಂಸ್ಟೇ ಬೋರ್ಡಿನ ಮೇಲೂ ಇದೇ ಚಿತ್ರ ಅಲ್ವಾ? ಹಳಿ ಕಾಯುವ ಗ್ಯಾಂಗ್‌ಮನ್‌ಗಳ ಕಥೆಯನ್ನು ಜನ ಪ್ರವಾಸ ಕಥನ ಅಂದುಕೊಂಡಾರು. ಅದೂ ಅಲ್ಲದೆ ಮಂಜಿನ ಮೇಲೆ ಬಿಳಿ ಅಕ್ಷರ ಕಾಣುವುದಿಲ್ಲ, ಕಪ್ಪು ಹಾಕಿದರೆ ಮಂಜೇ ಕೆಡುತ್ತದೆ.

ಎರಡನೆಯದು ಬರೀ ಅಕ್ಷರ. ಹಳದಿ ಹಿನ್ನೆಲೆ, ದಪ್ಪ ಕಪ್ಪು ಅಕ್ಷರ, ಥೇಟ್ ರೈಲ್ವೆ ಸ್ಟೇಷನ್ ಬೋರ್ಡು. ಅಂಗಡಿ ಬಾಗಿಲಲ್ಲಿ ನಿಂತರೂ ಓದಲು ಬಂತು. ಮೊಬೈಲಿನಲ್ಲಿ ಉಗುರಿನಷ್ಟು ಚಿಕ್ಕದಾದಾಗಲೂ ಇದೊಂದೇ ಗೆದ್ದಿದ್ದು. ಒತ್ತಕ್ಷರಗಳು ಮಾತ್ರ ಕೆಳಗಿಳಿದು ಲೇಖಕನ ಹೆಸರಿಗೆ ತಾಗುತ್ತಿದ್ದವು, ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಬೇಕಾಯಿತು.

ಮೂರನೆಯದು ನೋಡಿ, ತಲೆ ಓಡಿಸಿ ಮಾಡಿದ್ದು. ಮುಂದಿನ ಪುಟದ ಎಡ ಅಂಚಿನಲ್ಲಿ ಸುರಂಗದ ಬಾಯಿ, ಸುತ್ತ ಕಾಫಿ ಗಿಡ. ರೈಲಿನ ಕೊನೆಯ ಎರಡು ಬೋಗಿ ಇನ್ನೂ ಹೊರಗಿವೆ. ಸ್ಪೈನ್, ಅಂದರೆ ಪುಸ್ತಕದ ಬೆನ್ನು, ಪೂರ್ತಿ ಕಪ್ಪು. ಪುಸ್ತಕ ತಿರುಗಿಸಿದರೆ ಹಿಂದಿನ ಪುಟದಲ್ಲಿ ಸುರಂಗದ ಇನ್ನೊಂದು ಬಾಯಿ, ಅಡಿಕೆ ಮರಗಳ ನಡುವೆ ಎಂಜಿನ್ ಹೊರಗೆ ಬರುತ್ತಿದೆ. ಅಂದರೆ ಉಳಿದ ರೈಲೆಲ್ಲ ಪುಸ್ತಕದ ಒಳಗಿದೆ! ಹಾಗಂತ ಎಲ್ಲೂ ಬರೆದಿಲ್ಲ. ಅಂಗಡಿಗೆ ಜೆರಾಕ್ಸ್‌ಗೆ ಬಂದ ಹುಡುಗಿಯೊಬ್ಬಳು ಸುಮ್ನೆ ಎತ್ತಿಕೊಂಡವಳು, ಹಿಂದೆ ಮುಂದೆ ತಿರುಗಿಸಿ ನಕ್ಕಳು. ಫೋಟೋ ಮುಖಪುಟವನ್ನು ಯಾರೂ ತಿರುಗಿಸಿ ನೋಡಿರಲಿಲ್ಲ.

ಇದರಲ್ಲಿ ಇನ್ನೊಂದು ಅನುಕೂಲವೂ ಇದೆ. ಬೈಂಡಿಂಗ್‌ನಲ್ಲಿ ಮಡಿಕೆ ಕೂದಲೆಳೆಯಷ್ಟು ಸರಿದರೆ ಸ್ಪೈನ್‌ನ ಬಣ್ಣ ಮುಂದಿನ ಪುಟಕ್ಕೆ ಇಣುಕುತ್ತದೆ. ಇಲ್ಲಿ ಅತ್ತ ಇತ್ತ ಎರಡೂ ಕಡೆ ಸುರಂಗದ ಕತ್ತಲೇ ಇರುವುದರಿಂದ ಆ ಭಾಗದಲ್ಲಿ ಗೊತ್ತೇ ಆಗುವುದಿಲ್ಲ. ಕೊರತೆಯೂ ಇದೆ. ಆನ್‌ಲೈನ್‌ನಲ್ಲಿ ಮುಂದಿನ ಪುಟ ಮಾತ್ರ ಕಾಣುವುದು, ಅಲ್ಲಿ ಈ ಜಾಣತನವೆಲ್ಲ ಮುಚ್ಚಿಹೋಗುತ್ತದೆ. ಮುಖಪುಟಕ್ಕೆ ಹೊಳಪಿನ (ಗ್ಲಾಸಿ) ಲ್ಯಾಮಿನೇಷನ್ ಹಾಕಿದರೆ ಕಪ್ಪಿನ ಮೇಲೆ ಟ್ಯೂಬ್‌ಲೈಟ್ ಹೊಳೆದು ಸುರಂಗ ಸುರಂಗದ ಹಾಗೇ ಇರುವುದಿಲ್ಲ. ಹೊಳಪಿಲ್ಲದ ಮ್ಯಾಟ್‌ನಲ್ಲಿ ಕತ್ತಲು ಚೆನ್ನಾಗಿ ಬಂತು, ಬೆರಳಿನ ಗುರುತೂ ಬಂತು. ನಾನು ಮ್ಯಾಟ್ ಕಡೆ.

ಕೊನೆಗೆ ಮೂರನೆಯದೇ ಇರಲಿ ಅಂದೆವು. ಹೆಸರನ್ನು ಮಾತ್ರ ಎರಡನೆಯದರಿಂದ ತಂದು, ಹಳದಿ ಬೋರ್ಡು ಮಾಡಿ ಹಳಿ ಪಕ್ಕ ನಿಲ್ಲಿಸಿದೆವು. ಈಗ ಉಳಿದಿರುವ ತಕರಾರು ಬಾರ್‌ಕೋಡ್‌ನದು. ಹಿಂದಿನ ಪುಟದಲ್ಲಿ ಅದನ್ನು ಎಲ್ಲಿಟ್ಟರೂ ಎಂಜಿನ್‌ಗೆ ಅಡ್ಡ ಬರುತ್ತಿದೆ.